‘ಅವರೇ ಬರಲ್ಲ’ ಅನ್ನುವ ಮೊದಲು: ಊರಿನ ಆಡಳಿತ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸದಸ್ಯರಿಗೆ, ಅಧಿಕಾರಿಗಳಿಗೆ ನಮಸ್ಕಾರ.

ಮನೆ ಇಲ್ಲದವರ ತಾತ್ಕಾಲಿಕ ಆಶ್ರಯದ ವಿಷಯ ನಿಮ್ಮ ಸಭೆಗೆ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ. ‘ಜಾಗ ಇದೆ, ಅವರೇ ಬರಲ್ಲ.’ ಯಾವ ಊರಿನ ಸಭೆಯಾದರೂ ಸರಿ, ಯಾರೇ ಆಡಳಿತದಲ್ಲಿದ್ದರೂ ಸರಿ, ಈ ಮಾತು ಬಂದೇ ಬರುತ್ತದೆ. ಹೇಳುವವರು ಕೆಟ್ಟವರಲ್ಲ. ಅವರ ಮುಂದೆ ಒಂದು ಕಾಗದ ಇರುತ್ತದೆ. ಇಷ್ಟು ಹಾಸಿಗೆ, ಇಷ್ಟು ಜನ ಬಂದರು, ಇಷ್ಟು ಖಾಲಿ ಉಳಿಯಿತು ಅಂತ ಅದರಲ್ಲಿ ಬರೆದಿರುತ್ತದೆ. ಒಳಗೆ ಹಾಸಿಗೆ ಖಾಲಿ, ಹೊರಗೆ ಜನ ಮಲಗಿದ್ದಾರೆ. ಹಾಗಾದರೆ ತಪ್ಪು ಹೊರಗಿರುವವರದ್ದೇ ಅಂತ ಯಾರಿಗಾದರೂ ಅನಿಸುತ್ತದೆ.

ಆ ಕಾಗದ ಎಲ್ಲಿಂದ ಹುಟ್ಟುತ್ತದೆ ಅಂತ ನನಗೆ ಗೊತ್ತು. ರಾತ್ರಿ ಆಶ್ರಯ ಕೇಂದ್ರದ ಬಾಗಿಲಲ್ಲಿ ಒಂದು ಮೇಜು ಇರುತ್ತದೆ. ಮೇಜಿನ ಮೇಲೆ ಒಂದು ರಿಜಿಸ್ಟರ್. ಬಂದವರ ಹೆಸರು, ವಯಸ್ಸು, ಸಮಯ, ಸಹಿ. ಕೆಲವು ವರ್ಷ ಆ ಮೇಜಿನ ಹಿಂದೆ ನಾನು ಕೂತಿದ್ದೆ.

ಒಂದು ರಾತ್ರಿ ಒಬ್ಬ ಹಿರಿಯರು ಬಂದರು. ಹೆಗಲ ಮೇಲೆ ದೊಡ್ಡ ಚೀಲ. ಚಳಿಗೆ ಕೈ ನಡುಗುತ್ತಿತ್ತು. ಹೆಸರು ಹೇಳಿದರು, ಬರೆದುಕೊಂಡೆ. ಆಮೇಲೆ ನಿಯಮ ಹೇಳಿದೆ. ಚೀಲ ಒಳಗೆ ತರುವ ಹಾಗಿಲ್ಲ, ಹೊರಗೆ ಗೋಡೆ ಪಕ್ಕ ಇಟ್ಟು ಬರಬೇಕು. ‘ಅಲ್ಲಿ ಯಾರು ನೋಡಿಕೊಳ್ತಾರೆ?’ ಅಂತ ಕೇಳಿದರು. ನೋಡಿಕೊಳ್ಳಲು ಯಾರೂ ಇರಲಿಲ್ಲ. ಅವರು ಚೀಲ ನೋಡಿದರು, ನನ್ನ ಮುಖ ನೋಡಿದರು, ಏನೂ ಹೇಳದೆ ತಿರುಗಿ ನಡೆದರು. ಅವರ ಹೆಸರಿನ ಮುಂದೆ ನಾನು ಬರೆದದ್ದು ಎರಡೇ ಪದ: ಬರಲು ಒಪ್ಪಲಿಲ್ಲ.

ತಿಂಗಳ ಕೊನೆಗೆ ಅಂಥ ಸಾಲುಗಳನ್ನೆಲ್ಲ ಕೂಡಿಸಿ ವರದಿ ಹೋಗುತ್ತಿತ್ತು. ಮುಂದಿನ ವರ್ಷ ಹಾಸಿಗೆಗಳ ಸಂಖ್ಯೆ ಕಡಿಮೆ ಮಾಡಿದರು. ಬೇಡಿಕೆ ಇಲ್ಲ ಅನ್ನುವುದು ಅವರು ಕೊಟ್ಟ ಕಾರಣ. ಆ ಕಾರಣದೊಳಗೆ ನನ್ನ ಕೈಬರಹವೂ ಇತ್ತು. ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕೇ.

ಆಮೇಲೆ ನಾನು ‘ಯಾಕೆ’ ಅಂತ ಕೇಳಲು ಶುರು ಮಾಡಿದೆ. ರಿಜಿಸ್ಟರಿಗಾಗಿ ಅಲ್ಲ, ನನಗೆ ತಿಳಿಯಬೇಕಿತ್ತು. ಕೇಳಿದರೆ ಜನ ಹೇಳುತ್ತಾರೆ. ಒಬ್ಬೊಬ್ಬರದ್ದೂ ಒಂದೊಂದು ಕಾರಣ. ಎಲ್ಲವೂ ನನಗೆ ಅರ್ಥವಾಗುವ ಕಾರಣಗಳೇ.

ಚೀಲದ ವಿಷಯವನ್ನೇ ತೆಗೆದುಕೊಳ್ಳಿ. ಬೀದಿಯಲ್ಲಿರುವವರ ಚೀಲ ನಮ್ಮ ಕಣ್ಣಿಗೆ ಹಳೆ ಬಟ್ಟೆಯ ಗಂಟು. ಅದರೊಳಗೆ ಗುರುತಿನ ಚೀಟಿ ಇರುತ್ತದೆ, ಮಾತ್ರೆ ಇರುತ್ತದೆ, ಆಸ್ಪತ್ರೆಯ ಕಾಗದ, ಫೋನ್ ಚಾರ್ಜರ್, ಯಾವಾಗಲೋ ತೆಗೆಸಿದ ಮಗಳ ಫೋಟೋ. ಗುರುತಿನ ಚೀಟಿ ಕಳೆದುಹೋದರೆ ಪಿಂಚಣಿ ನಿಲ್ಲುತ್ತದೆ, ಚಿಕಿತ್ಸೆ ನಿಲ್ಲುತ್ತದೆ, ಮನೆಗೆ ಅರ್ಜಿ ಹಾಕುವ ದಾರಿಯೂ ಮುಚ್ಚುತ್ತದೆ. ಹೊಸದು ಮಾಡಿಸಲು ಹೋದರೆ ವಿಳಾಸ ಕೇಳುತ್ತಾರೆ. ಒಂದು ರಾತ್ರಿಯ ಬೆಚ್ಚಗಿನ ನಿದ್ದೆಗಾಗಿ ಇಷ್ಟನ್ನೆಲ್ಲ ಗೋಡೆ ಪಕ್ಕ ಬಿಟ್ಟು ಬರಬೇಕು. ನೀವಾದರೆ ಬರುತ್ತಿದ್ದಿರಾ? ನಾನಂತೂ ಬರುತ್ತಿರಲಿಲ್ಲ.

ಗಂಡ ಹೆಂಡತಿ ಒಟ್ಟಿಗೆ ಬಂದರೆ ಬೇರೆ ಬೇರೆ ಕಟ್ಟಡಕ್ಕೆ ಕಳಿಸುತ್ತಾರೆ. ಕಷ್ಟದಲ್ಲಿ ಉಳಿದಿರುವುದು ಅದೊಂದೇ ಸಂಬಂಧ, ಬಾಗಿಲಲ್ಲೇ ಅದನ್ನು ಬಿಡಿಸುತ್ತೇವೆ. ಹನ್ನೆರಡು ಹದಿಮೂರು ವರ್ಷದ ಮಗನಿರುವ ತಾಯಿಯ ಪಾಡು ಇನ್ನೂ ಕಷ್ಟ. ಹುಡುಗ ಹೆಂಗಸರ ಕಡೆ ಬರುವ ಹಾಗಿಲ್ಲ. ಗಂಡಸರ ಕಡೆಗೆ ಅವನೊಬ್ಬನನ್ನೇ ಯಾವ ತಾಯಿ ಕಳಿಸುತ್ತಾಳೆ? ಬಾಗಿಲು ಒಂಬತ್ತಕ್ಕೆ ಹಾಕುತ್ತಾರೆ, ಆದರೆ ಒಬ್ಬರ ಕೆಲಸ ಮುಗಿಯುವುದು ಹನ್ನೊಂದಕ್ಕೆ. ಅವರು ಕೆಲಸ ಬಿಡಬೇಕು, ಇಲ್ಲ ಹಾಸಿಗೆ ಬಿಡಬೇಕು. ಇನ್ನೊಬ್ಬರಿಗೆ ಒಂದು ನಾಯಿ ಇದೆ. ರಾತ್ರಿ ಯಾರಾದರೂ ಹತ್ತಿರ ಬಂದರೆ ಎಚ್ಚರಿಸುವುದು ಅದೊಂದೇ ಜೀವ.

ಹೆಂಗಸರು ಹೇಳಿದ್ದನ್ನು ಬೇರೆಯಾಗಿಯೇ ಹೇಳಬೇಕು. ಒಂದೇ ದೊಡ್ಡ ಹಾಲ್. ನಡುವೆ ತೆಳ್ಳಗಿನ ತಡಿಕೆ. ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇಲ್ಲ. ದೀಪ ಇರುವುದು ಒಂದು ತುದಿಯಲ್ಲಿ ಮಾತ್ರ. ‘ರಸ್ತೆಯಲ್ಲಾದರೆ ಎದ್ದು ಓಡಬಹುದು, ಇಲ್ಲಿ ನೀವು ಬಾಗಿಲು ಹಾಕಿರ್ತೀರಿ’ ಅಂತ ಒಬ್ಬರು ನನಗೆ ಹೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಎಷ್ಟೋ ಹೆಂಗಸರು ಬೀದಿಯಲ್ಲೂ ಕಾಣುವುದಿಲ್ಲ, ಕೇಂದ್ರದಲ್ಲೂ ಕಾಣುವುದಿಲ್ಲ. ಪರಿಚಯದವರ ಮನೆಯ ಮೂಲೆಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಹೊಡೆಯುವವನ ಮನೆಯಲ್ಲೇ ರಾತ್ರಿ ಕಳೆಯುತ್ತಾರೆ. ರಾತ್ರಿ ಟಾರ್ಚ್ ಹಿಡಿದು ಬೀದಿ ಸುತ್ತಿ ಎಣಿಸಿದರೆ ಇವರು ಲೆಕ್ಕಕ್ಕೆ ಸಿಗುವುದಿಲ್ಲ. ಲೆಕ್ಕಕ್ಕೆ ಸಿಗದವರಿಗೆ ಹಾಸಿಗೆಯೂ ಸಿಗುವುದಿಲ್ಲ.

ಬೀಗ, ಚಿಲಕ, ದೀಪ. ಆಡಳಿತ ನಡೆಸುವವರು ಕೂತು ಚರ್ಚೆ ಮಾಡುವಷ್ಟು ದೊಡ್ಡ ವಿಷಯವಾ ಇದು ಅಂತ ನಿಮಗೆ ಅನಿಸಬಹುದು. ಒಂದು ನಗರದಲ್ಲಿ ಇದು ಕೋರ್ಟಿನ ಕಾಗದಕ್ಕೇ ಬಂದಿದೆ. 1979ರಲ್ಲಿ ನ್ಯೂಯಾರ್ಕಿನಲ್ಲಿ ರಾಬರ್ಟ್ ಹೇಯ್ಸ್ ಅನ್ನುವ ಯುವ ವಕೀಲರು ಮನೆ ಇಲ್ಲದ ಗಂಡಸರ ಪರವಾಗಿ ಮೊಕದ್ದಮೆ ಹೂಡಿದರು. ಅರ್ಜಿದಾರರಲ್ಲಿ ಮೊದಲ ಹೆಸರು ರಾಬರ್ಟ್ ಕ್ಯಾಲಹನ್. 1981ರಲ್ಲಿ ರಾಜಿ ಒಪ್ಪಂದ ಆಯಿತು. ಆಶ್ರಯ ಕೇಳಿ ಬಂದ ಅರ್ಹರಿಗೆ ಆಶ್ರಯ ಕೊಡಲೇಬೇಕು ಅಂತ ನಗರ ಒಪ್ಪಿಕೊಂಡಿತು. ಅಷ್ಟಕ್ಕೇ ನಿಲ್ಲಲಿಲ್ಲ. ಮಂಚ ಕನಿಷ್ಠ 30 ಇಂಚು ಅಗಲ ಇರಬೇಕು, ಒಗೆದ ಎರಡು ಹಾಸುಬಟ್ಟೆ, ಒಂದು ಕಂಬಳಿ, ಒಂದು ದಿಂಬು, ಟವೆಲ್, ಸೋಪು ಕೊಡಬೇಕು, ಬೀಗ ಹಾಕುವ ಪೆಟ್ಟಿಗೆ ಇರಬೇಕು ಅಂತ ಒಂದೊಂದನ್ನೂ ಬರೆದರು. ಬೀದಿಯಲ್ಲಿ ಮಲಗಿ ಗೊತ್ತಿದ್ದವರ ಮಾತು ಕೇಳಿಸಿಕೊಂಡಿದ್ದರೆ ಮಾತ್ರ ಇಂಥ ಪಟ್ಟಿ ಬರೆಯಲು ಸಾಧ್ಯ ಅಂತ ನನಗೆ ಅನಿಸುತ್ತದೆ. ಕ್ಯಾಲಹನ್ ಮಾತ್ರ ಇದನ್ನು ನೋಡಲಿಲ್ಲ. ಒಪ್ಪಂದ ಆಗುವ ಮೊದಲೇ ಅವರು ಅದೇ ನಗರದ ಬೀದಿಯಲ್ಲಿ ತೀರಿಕೊಂಡಿದ್ದರು.

‘ಜಾಗ ಇದೆ’ ಅನ್ನುವ ಮಾತಿನ ಮೇಲೆ ಜಾಸ್ತಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಆ ಮಾತಿನ ಮೇಲೆಯೇ ದಂಡ, ಜೈಲು ನಿಂತಿದ್ದ ಕಾಲವೂ ಇತ್ತು. 2018ರಲ್ಲಿ ಅಮೆರಿಕದ ಒಂದು ಮೇಲ್ಮನವಿ ಕೋರ್ಟ್ ಬೋಯ್ಸಿ ನಗರದ ಪ್ರಕರಣದಲ್ಲಿ ಒಂದು ಮಾತು ಹೇಳಿತು. ಮಲಗಲು ಬೇರೆ ಜಾಗವೇ ಇಲ್ಲದವರನ್ನು, ಹೊರಗೆ ಮಲಗಿದ್ದಕ್ಕೆ ಶಿಕ್ಷಿಸುವ ಹಾಗಿಲ್ಲ. ಆಮೇಲೆ ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್ ಅನ್ನುವ ಸಣ್ಣ ನಗರದ ಪ್ರಕರಣ ಬಂತು. ಅಲ್ಲಿ ಒಂದು ಧಾರ್ಮಿಕ ಸಂಸ್ಥೆಯ ಆಶ್ರಯ ಇತ್ತು. ಅಲ್ಲಿ ಇರಬೇಕಾದರೆ ಪ್ರಾರ್ಥನೆಗೆ ಹೋಗಬೇಕು, ಸಿಗರೇಟು ಬಿಡಬೇಕು. ಇದನ್ನು ‘ಜಾಗ ಇದೆ’ ಅಂತ ಲೆಕ್ಕ ಹಾಕಬಹುದಾ ಅನ್ನುವುದೂ ವಾದದ ಭಾಗವಾಯಿತು. ಕೊನೆಗೆ 2024ರ ಜೂನ್ 28ರಂದು ಅಲ್ಲಿನ ಸುಪ್ರೀಂ ಕೋರ್ಟ್ 6–3ರ ಬಹುಮತದಲ್ಲಿ, ಬೇರೆ ಜಾಗ ಇಲ್ಲದಿದ್ದರೂ ಹೊರಗೆ ಮಲಗುವುದಕ್ಕೆ ದಂಡ ಹಾಕುವ ಅಧಿಕಾರ ನಗರಗಳಿಗೆ ಇದೆ ಅಂದಿತು.

ಅಧಿಕಾರ ಇದೆ ಅಂದಿತೇ ಹೊರತು ಹಾಕಲೇಬೇಕು ಅನ್ನಲಿಲ್ಲ. ಹಾಕುವುದೋ ಬಿಡುವುದೋ ನಿಮ್ಮಂಥ ಸಭೆಗಳೇ ತೀರ್ಮಾನಿಸಬೇಕು. ದಂಡ ಕಟ್ಟಲು ಹೊರಗೆ ಮಲಗುವವರ ಹತ್ತಿರ ದುಡ್ಡಿರುವುದಿಲ್ಲ. ಕಟ್ಟದಿದ್ದರೆ ಕೇಸು. ಕೇಸು ಇದೆ ಅಂತ ಗೊತ್ತಾದರೆ ಬಾಡಿಗೆಗೆ ಮನೆ ಕೊಡುವವರು ಹಿಂದೆ ಸರಿಯುತ್ತಾರೆ, ಕೆಲಸ ಕೊಡುವವರೂ ಅಷ್ಟೇ. ಬೀದಿಯಿಂದ ಎಬ್ಬಿಸಲು ಹಾಕಿದ ದಂಡ ಅವರನ್ನು ಬೀದಿಯಲ್ಲೇ ಉಳಿಸುತ್ತದೆ.

ಇನ್ನು ಕೇಂದ್ರ ಎಲ್ಲಿ ಇರಬೇಕು ಅನ್ನುವ ವಿಷಯ. ಸಭೆಯಲ್ಲಿ ಜಾಸ್ತಿ ಗದ್ದಲ ಆಗುವುದು ಇದಕ್ಕೇ. ಎಲ್ಲರೂ ಬೇಕು ಅನ್ನುತ್ತಾರೆ, ನಮ್ಮ ಬೀದಿಯಲ್ಲಿ ಬೇಡ ಅನ್ನುತ್ತಾರೆ. ಕೊನೆಗೆ ಯಾರೂ ತಕರಾರು ಮಾಡದ ಜಾಗ ಹುಡುಕುತ್ತೀರಿ. ಯಾರೂ ತಕರಾರು ಮಾಡದ ಜಾಗ ಅಂದರೆ ಯಾರೂ ಇಲ್ಲದ ಜಾಗ. ಊರಾಚೆ, ಬಸ್ಸು ನಿಲ್ಲದ ಕಡೆ. ಮನೆ ಇಲ್ಲದವರು ಒಂದು ಕಡೆ ಸುಮ್ನೆ ಮಲಗುವುದಿಲ್ಲ. ಕೆಲಸ ಸಿಗುವ ಕಡೆ, ಆಸ್ಪತ್ರೆ ಹತ್ತಿರ ಇರುವ ಕಡೆ, ನಾಲ್ಕು ಜನ ಪರಿಚಯ ಇರುವ ಕಡೆ ಮಲಗುತ್ತಾರೆ. 1985ರಲ್ಲಿ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ ಬೊಂಬಾಯಿಯ ಫುಟ್‌ಪಾತ್ ವಾಸಿಗಳ ಬಗ್ಗೆ ಇದನ್ನೇ ಗುರುತಿಸಿತು. ಎಬ್ಬಿಸಿದರೆ ಅವರು ಮಲಗುವ ಜಾಗವಷ್ಟೇ ಅಲ್ಲ, ದುಡಿಮೆಯನ್ನೂ ಕಳೆದುಕೊಳ್ಳುತ್ತಾರೆ, ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಅಂದಿತು. ಹಾಗಂತ ಅವರು ಅಲ್ಲೇ ಇರಲಿ ಅಂತ ಆ ತೀರ್ಪು ಹೇಳಲಿಲ್ಲ, ಆ ನೋವು ಬೇರೆ. ಆದರೆ ಜನ ಎಲ್ಲಿ ಮಲಗುತ್ತಾರೆ, ಯಾಕೆ ಮಲಗುತ್ತಾರೆ ಅನ್ನುವುದು ಅದರಲ್ಲಿ ಸ್ಪಷ್ಟವಾಗಿದೆ. ಊರಾಚೆಯ ಕಟ್ಟಡದಲ್ಲಿ ಹಾಸಿಗೆ ಖಾಲಿ ಬಿದ್ದರೆ ಅದರಲ್ಲಿ ಆಶ್ಚರ್ಯ ಏನಿದೆ?

ಕೇಂದ್ರದ ಅಕ್ಕಪಕ್ಕದ ಮನೆಯವರಿಗೂ ಇಲ್ಲಿ ಒಂದೆರಡು ಮಾತು ಹೇಳಬೇಕು. ನಿಮ್ಮ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಮಕ್ಕಳು ಓಡಾಡುವ ಬೀದಿ, ಚಿಂತೆ ಆಗುವುದು ಸಹಜ. ಆದರೆ ನೀವು ನೋಡಿ ಬೇಸರಪಟ್ಟ ಎಷ್ಟೋ ವಿಷಯಗಳು ಅಲ್ಲಿ ಮಲಗುವವರಿಂದ ಆದದ್ದಲ್ಲ, ಕೇಂದ್ರ ನಡೆಸುವ ರೀತಿಯಿಂದ ಆದದ್ದು. ಬೆಳಿಗ್ಗೆ ಆರಕ್ಕೆ ಎಲ್ಲರನ್ನೂ ಎಬ್ಬಿಸಿ ಹೊರಗೆ ಕಳಿಸಿದರೆ ಅವರು ಎಲ್ಲಿಗೆ ಹೋಗಬೇಕು? ಜ್ವರ ಬಂದವರೂ, ರಾತ್ರಿ ಪಾಳಿ ಮುಗಿಸಿ ಬಂದವರೂ, ಊರುಗೋಲು ಹಿಡಿದವರೂ ಸಂಜೆವರೆಗೆ ಹೊರಗೇ ಇರಬೇಕು. ನಿಮ್ಮ ಮೆಟ್ಟಿಲ ಮೇಲೆ ಕೂರುತ್ತಾರೆ, ಶೌಚಾಲಯ ಇಲ್ಲದೆ ಪರದಾಡುತ್ತಾರೆ, ಸಂಜೆ ಸಾಲು ನಿಲ್ಲುತ್ತಾರೆ. ಹಗಲೂ ಬಾಗಿಲು ತೆರೆದಿಟ್ಟರೆ ಇದರಲ್ಲಿ ಮುಕ್ಕಾಲು ಪಾಲು ತಾನಾಗಿ ಹೋಗುತ್ತದೆ. ಬಾಗಿಲು ಕಾದ ನನಗೆ ಇದರಲ್ಲಿ ಅನುಮಾನವೇ ಇಲ್ಲ. ಭಾರತ ಸರ್ಕಾರದ ನಗರ ವಸತಿರಹಿತರ ಆಶ್ರಯ ಯೋಜನೆಯ 2013ರ ಮಾರ್ಗಸೂಚಿಯೂ ಇದನ್ನೇ ಹೇಳಿತ್ತು. ಆಶ್ರಯ ವರ್ಷವಿಡೀ ಇರಬೇಕು, ದಿನದ 24 ಗಂಟೆಯೂ ತೆರೆದಿರಬೇಕು, ಒಂದು ಲಕ್ಷ ಜನಸಂಖ್ಯೆಗೆ ಒಂದಾದರೂ ಇರಬೇಕು, ಒಬ್ಬರಿಗೆ ಕನಿಷ್ಠ 50 ಚದರಡಿ ಜಾಗ ಸಿಗಬೇಕು. ಕಾಗದದಲ್ಲಿ ಇಷ್ಟು ಚೆನ್ನಾಗಿ ಬರೆದದ್ದು ಬಾಗಿಲ ಹತ್ತಿರ ಬರುವಾಗ ಎಲ್ಲಿ ಸವೆದುಹೋಗುತ್ತದೆ ಅಂತ ಸದಸ್ಯರು ಒಮ್ಮೆ ಹೋಗಿ ನೋಡಬೇಕು. ಹೇಳಿ ಹೋಗಬೇಡಿ. ರಾತ್ರಿ ಹತ್ತಕ್ಕೆ ಹೋಗಿ.

ಆ ನಿಯಮಗಳ ಹಿಂದೆ ಒಂದು ಘಟನೆ ಇದೆ. 2009ರ ಡಿಸೆಂಬರಿನಲ್ಲಿ, ದೆಹಲಿಯ ಕಡು ಚಳಿಯಲ್ಲಿ, ಪೂಸಾ ರಸ್ತೆಯ ಬಳಿ ಇದ್ದ ಒಂದು ತಾತ್ಕಾಲಿಕ ರಾತ್ರಿ ಆಶ್ರಯವನ್ನು ಸ್ಥಳೀಯ ಆಡಳಿತ ಕಿತ್ತುಹಾಕಿತು. ವಿಷಯ ಕೋರ್ಟಿಗೆ ಹೋಯಿತು. 2010ರಲ್ಲಿ ಸುಪ್ರೀಂ ಕೋರ್ಟ್, ಆಹಾರದ ಹಕ್ಕಿನ ಪ್ರಕರಣದ ವಿಚಾರಣೆಯಲ್ಲೇ, ನಗರಗಳಲ್ಲಿ ಆಶ್ರಯ ಕಟ್ಟುವಂತೆ ಸರ್ಕಾರಗಳಿಗೆ ಆದೇಶ ಕೊಟ್ಟಿತು. ಒಂದು ಡೇರೆ ಕೀಳಲು ಯಾರೋ ಒಬ್ಬರು ಸಹಿ ಹಾಕಿರುತ್ತಾರೆ. ಅವರ ಮೇಜಿನ ಮೇಲೆ ಅದು ಆ ದಿನದ ಹತ್ತಾರು ಕಡತಗಳಲ್ಲಿ ಒಂದು, ಅಷ್ಟೇ. ನಿಮ್ಮ ಮೇಜಿಗೂ ಅಂಥ ಕಡತ ಬರುತ್ತದೆ. ಅದರ ಮೇಲೆ ‘ತೆರವು’ ಅಂತ ಬರೆದಿದ್ದರೆ, ತೆರವಾದವರು ಆ ರಾತ್ರಿ ಎಲ್ಲಿ ಮಲಗುತ್ತಾರೆ ಅಂತ ದಯವಿಟ್ಟು ಕೇಳಿ. ಉತ್ತರ ಕೈಗೆ ಬರುವವರೆಗೆ ಪೆನ್ನು ತೆಗೆಯಬೇಡಿ.

‘ತಾತ್ಕಾಲಿಕ’ ಅನ್ನುವ ಪದದ ಬಗ್ಗೆಯೂ ನನಗೆ ಒಂದು ತಕರಾರಿದೆ. ಯಾರಿಗೆ ತಾತ್ಕಾಲಿಕ? ಚಳಿ ಮುಗಿಯಿತು, ಕೇಂದ್ರ ಮುಚ್ಚಿತು. ಅನುದಾನದ ವರ್ಷ ಮುಗಿಯಿತು, ಕೇಂದ್ರ ಮುಚ್ಚಿತು. ಮನೆ ಇಲ್ಲದಿರುವುದು ಮಾತ್ರ ಮುಗಿದಿರುವುದಿಲ್ಲ. ಇಂಗ್ಲೆಂಡಿನಲ್ಲಿ ಚಳಿ ಶೂನ್ಯ ಡಿಗ್ರಿಗೆ ಇಳಿಯುವ ಮುನ್ಸೂಚನೆ ಬಂದಾಗ ಹೆಚ್ಚುವರಿ ಹಾಸಿಗೆ ತೆರೆಯುವ ಪದ್ಧತಿ ಬಹಳ ಕಡೆ ಇದೆ. ಅದರಿಂದ ಜೀವಗಳು ಉಳಿಯುತ್ತವೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಎರಡು ಡಿಗ್ರಿಯ ಮಳೆಯಲ್ಲಿ ನೆನೆದ ಕಂಬಳಿ ಹೊದ್ದು ಮಲಗುವವರಿಗೆ ಏನು ಹೇಳುತ್ತೀರಿ? ಬಿಸಿಲಿನ ಝಳಕ್ಕೆ ಕುಸಿಯುವವರಿಗೆ?

ಅದೇ ಇಂಗ್ಲೆಂಡಿನ ಇನ್ನೊಂದು ನಿಯಮ ನನಗೆ ತುಂಬಾ ಹಿಡಿಸಿತು. ಮಕ್ಕಳಿರುವ ಕುಟುಂಬವನ್ನು ಸ್ಥಳೀಯ ಆಡಳಿತ ಲಾಡ್ಜಿನಂಥ ಕೊಠಡಿಯಲ್ಲಿ ಇಟ್ಟರೆ, 6 ವಾರಕ್ಕಿಂತ ಹೆಚ್ಚು ಇಡುವ ಹಾಗಿಲ್ಲ. 2003ರ ಆದೇಶ ಅದು. ಅಲ್ಲಿ ಗಡುವು ಇರುವುದು ಕುಟುಂಬಕ್ಕಲ್ಲ, ಆಡಳಿತಕ್ಕೆ. ‘6 ವಾರ ಆಯಿತು, ಹೊರಗೆ ಹೋಗಿ’ ಅನ್ನುವುದಲ್ಲ. ‘6 ವಾರದೊಳಗೆ ಇದಕ್ಕಿಂತ ಒಳ್ಳೆ ಜಾಗ ಕೊಡಿ’ ಅನ್ನುವುದು. ಆ ಗಡುವನ್ನು ಎಷ್ಟೋ ಕಡೆ ಮುರಿದಿದ್ದಾರೆ, ಈಗಲೂ ಮುರಿಯುತ್ತಿದ್ದಾರೆ. ಆದರೂ ಮುರಿದವರು ಯಾರು ಅಂತ ಕೇಳಲು ಒಂದು ದಾರಿ ಇದೆ ಅಲ್ವಾ? ನಮ್ಮ ಕೇಂದ್ರಗಳ ಗೋಡೆ ಮೇಲೆ ಬರೆಯುವ ಗಡುವುಗಳೆಲ್ಲ ಒಳಗೆ ಮಲಗಿದವರಿಗೇ. ಇಂತಿಷ್ಟು ದಿನ ಆದ ಮೇಲೆ ಖಾಲಿ ಮಾಡಬೇಕು. ಆ ಸಾಲನ್ನು ತಿರುಗಿಸಿ ಬರೆಯಲು ನಿಮ್ಮ ಒಂದು ಠರಾವು ಸಾಕು.

ಮನಸ್ಸು ಮಾಡಿದರೆ ಎಷ್ಟು ಬೇಗ ಆಗುತ್ತದೆ ಅನ್ನುವುದನ್ನೂ ನಾವು ನೋಡಿದ್ದೇವೆ. 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಹರಡುತ್ತಿದ್ದಾಗ, ಇಂಗ್ಲೆಂಡಿನ ಸರ್ಕಾರ ಸ್ಥಳೀಯ ಆಡಳಿತಗಳಿಗೆ ಪತ್ರ ಬರೆಯಿತು. ಹೊರಗೆ ಮಲಗಿರುವವರನ್ನೆಲ್ಲ ಕೆಲವೇ ದಿನಗಳಲ್ಲಿ ಒಳಗೆ ಕರೆತನ್ನಿ ಅಂದಿತು. ಖಾಲಿ ಬಿದ್ದಿದ್ದ ಹೋಟೆಲುಗಳನ್ನು ತೆಗೆದುಕೊಂಡರು. ಒಬ್ಬೊಬ್ಬರಿಗೆ ಒಂದೊಂದು ಕೋಣೆ, ಕೋಣೆಗೆ ಬಾಗಿಲು, ಬಾಗಿಲಿಗೆ ಬೀಗ. ಮುಂದಿನ ಜನವರಿ ಹೊತ್ತಿಗೆ 37 ಸಾವಿರದಷ್ಟು ಜನರಿಗೆ ಇದರಿಂದ ನೆರವಾಗಿತ್ತು. ವರ್ಷಗಟ್ಟಲೆ ‘ಬರಲು ಒಪ್ಪದವರು’ ಅನ್ನಿಸಿಕೊಂಡವರೂ ಅವರಲ್ಲಿದ್ದರು. ಅವರ ಮನಸ್ಸು ಬದಲಾಗಿರಲಿಲ್ಲ, ಬಾಗಿಲ ಆಚೆ ಇದ್ದದ್ದು ಬದಲಾಗಿತ್ತು.

ಹಾಗಾದರೆ ರಾತ್ರಿ ಆಶ್ರಯಗಳೇ ಬೇಡ, ನೇರ ಮನೆ ಕೊಡಿ ಅನ್ನುವವರೂ ಇದ್ದಾರೆ. ಅವರ ಮಾತಿನಲ್ಲಿ ತುಂಬಾ ಸತ್ಯ ಇದೆ. ಕೆನಡಾದಲ್ಲಿ 2009ರಿಂದ 2013ರವರೆಗೆ ಐದು ನಗರಗಳಲ್ಲಿ, ಸುಮಾರು 2,000 ಜನರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಮಾನಸಿಕ ಕಾಯಿಲೆ ಇದ್ದು ಮನೆ ಇಲ್ಲದವರು ಅವರೆಲ್ಲ. ಕೆಲವರಿಗೆ ಯಾವ ಷರತ್ತೂ ಇಲ್ಲದೆ ಮೊದಲು ಮನೆ, ಜೊತೆಗೆ ನೆರವು ಕೊಟ್ಟರು. ಉಳಿದವರಿಗೆ ಎಂದಿನ ಸೇವೆಗಳು. ಅಧ್ಯಯನದ ಕೊನೆಯ ಆರು ತಿಂಗಳು ಪೂರ್ತಿ ಮನೆಯಲ್ಲೇ ಇದ್ದವರು ಮೊದಲ ಗುಂಪಿನಲ್ಲಿ ಶೇ. 62, ಎರಡನೆಯದರಲ್ಲಿ ಶೇ. 31. ಮೊದಲು ಕುಡಿತ ಬಿಡಲಿ, ಮೊದಲು ಔಷಧಿ ತೆಗೆದುಕೊಳ್ಳಲಿ, ಆಮೇಲೆ ಮನೆ ಅನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಹೆಲ್ಸಿಂಕಿಯಲ್ಲಿ 1985ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಆಶ್ರಯದ ಹಾಸಿಗೆಗಳಿದ್ದವು. 2016ರ ಹೊತ್ತಿಗೆ ಉಳಿದದ್ದು 52. ಈ ಅಂಕಿಯನ್ನು ಮಾತ್ರ ಓದಿ ‘ನೋಡಿ, ಅವರೂ ಹಾಸಿಗೆ ಕಡಿಮೆ ಮಾಡಿದರು’ ಅಂತ ಸಭೆಯಲ್ಲಿ ಯಾರಾದರೂ ಹೇಳಬಹುದು ಅನ್ನುವ ಭಯ ನನಗಿದೆ. ಅವರು ಹಾಸಿಗೆ ತೆಗೆದದ್ದು ಮನೆ ಕಟ್ಟಿ. 2008ರಲ್ಲಿ ಫಿನ್ಲೆಂಡ್ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದ ಮೇಲೆ ಹಳೆ ರಾತ್ರಿ ಆಶ್ರಯಗಳನ್ನೇ ಸಣ್ಣ ಸಣ್ಣ ಮನೆಗಳಾಗಿ ಮಾಡಿದರು. ಅಲ್ಲಿರುವವರು ಬಾಡಿಗೆ ಕರಾರಿಗೆ ಸಹಿ ಹಾಕುತ್ತಾರೆ, ಬೀಗದ ಕೈ ಅವರದ್ದೇ. ದೇಶದಲ್ಲಿ 1987ರಲ್ಲಿ 18 ಸಾವಿರದಷ್ಟು ಮನೆ ಇಲ್ಲದವರಿದ್ದರು, 2023ರ ಕೊನೆಗೆ ಅದು ಮೂರೂವರೆ ಸಾವಿರದ ಹತ್ತಿರಕ್ಕೆ ಬಂತು. ಮರುವರ್ಷ ಮತ್ತೆ ಸ್ವಲ್ಪ ಏರಿತು. ಅಂದರೆ ಇದು ಒಮ್ಮೆ ಮಾಡಿ ಬಿಡುವ ಕೆಲಸವಲ್ಲ.

ಆದರೆ ಮನೆ ಕಟ್ಟಲು ವರ್ಷಗಳು ಬೇಕು. ಈ ರಾತ್ರಿ ಹೊರಗೆ ಇರುವವರಿಗೆ ಈ ರಾತ್ರಿಯೇ ಹಾಸಿಗೆ ಬೇಕು. ಮುಂದೆ ಮನೆ ಕೊಡುತ್ತೇವೆ ಅನ್ನುವ ಮಾತು ಇವತ್ತಿನ ಬಾಗಿಲು ಮುಚ್ಚಲು ನೆಪ ಆಗಬಾರದು. ಇವತ್ತು ಹಾಸಿಗೆ ಕೊಟ್ಟಿದ್ದೇವಲ್ಲ ಅನ್ನುವುದು ಮನೆ ಕೊಡದಿರಲು ನೆಪ ಆಗಬಾರದು. ಎರಡಕ್ಕೂ ಒಟ್ಟಿಗೆ ದುಡ್ಡು ಇಡಿ. ಇನ್ನೊಂದು ತೆರೆಯುವ ಮೊದಲು ಇರುವುದನ್ನು ಮುಚ್ಚಬೇಡಿ.

ನಿಮ್ಮ ಸಭೆಯಲ್ಲಿ ಈ ವಿಷಯಕ್ಕೆ ಮತ ಹಾಕುವ ದಿನ, ಬೀದಿಯಲ್ಲಿ ಮಲಗಿ ಗೊತ್ತಿರುವ ಒಬ್ಬರಾದರೂ ಅಲ್ಲಿ ಮಾತಾಡಲಿ. ಅವರು ಬಂದು ಹೋಗಲು ಬಸ್ಸಿನ ದುಡ್ಡು ಕೊಡಿ, ಕೂರಲು ಕುರ್ಚಿ ಕೊಡಿ, ಮಾತಿಗೆ ಸಮಯ ಕೊಡಿ. ಬೀಗದ ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಅಂತ ಅವರು ಹೇಳುತ್ತಾರೆ.

ಇನ್ನೊಂದು ಸಣ್ಣ ಕೋರಿಕೆ ಇದೆ, ಖರ್ಚೇ ಇಲ್ಲದ್ದು. ಆ ರಿಜಿಸ್ಟರಿನಲ್ಲಿ ಒಂದು ಕಾಲಂ ಜಾಸ್ತಿ ಮಾಡಿಸಿ. ‘ಬರಲು ಒಪ್ಪಲಿಲ್ಲ’ ಅನ್ನುವುದರ ಪಕ್ಕದಲ್ಲಿ ‘ಯಾಕೆ’ ಅಂತ ಇರಲಿ. ಬಾಗಿಲಲ್ಲಿ ಕೂತವರು ಕೇಳಿ ಬರೆಯಲಿ, ತಿಂಗಳ ವರದಿಯಲ್ಲಿ ಅದು ನಿಮ್ಮ ಮುಂದೆ ಬರಲಿ. ಆ ಹಿರಿಯರ ಹೆಸರು ನನಗೆ ಈಗಲೂ ನೆನಪಿದೆ. ಆ ಕಾಲಂ ಅವತ್ತು ಇದ್ದಿದ್ದರೆ ನಾನು ಬರೆಯುತ್ತಿದ್ದೆ: ಚೀಲ ಇಡಲು ಜಾಗ ಇರಲಿಲ್ಲ.

ಇಂತಿ,
ಬಾಗಿಲಲ್ಲಿ ರಿಜಿಸ್ಟರ್ ಬರೆದವಳು